ಪದವಿಯ ಮೋಹ, ಪ್ರಜೆಯ ಬಂಧನ

ಆಳುವವರು ಪದವಿಯನ್ನು ನ್ಯಾಯಕ್ಕಿಂತ ಹಿರಿದೆಂದು ಬಗೆದರೆ ಪ್ರಜೆಯ ಸ್ವಾತಂತ್ರ್ಯವು ಕುಂದುವುದೆಂಬುದಕ್ಕೆ ತುರ್ತು ಪರಿಸ್ಥಿತಿಯ ಇತಿಹಾಸವೇ ನಿದರ್ಶನ. 1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯವು, ಚುನಾವಣೆಯಲ್ಲಿ ಸರ್ಕಾರಿ ಅಧಿಕಾರಿಗಳ ನೆರವು ಪಡೆದ ಭ್ರಷ್ಟಾಚಾರಕ್ಕಾಗಿ, ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅನೂರ್ಜಿತಗೊಳಿಸಿತು. 13 ದಿನಗಳಲ್ಲಿಯೇ ತುರ್ತು ಪರಿಸ್ಥಿತಿ ಘೋಷಿತವಾಯಿತು. ಸಹಸ್ರಾರು ಜನರು ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು.

ಅಂತಹ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನಮತ ತಾಳಿದರು. 1977ರಲ್ಲಿ ಮುಖ್ಯ ನ್ಯಾಯಮೂರ್ತಿ ಪದವಿಯು ಅವರನ್ನು ಬಿಟ್ಟು ಕಿರಿಯರಿಗೆ ಸಂದಾಗ ಅವರು ರಾಜೀನಾಮೆಯಿತ್ತರು. 1978ರಲ್ಲಿ ಸಂವಿಧಾನದ 44ನೆಯ ತಿದ್ದುಪಡಿಯು ಪ್ರಾಣ ಹಾಗೂ ವ್ಯಕ್ತಿಸ್ವಾತಂತ್ರ್ಯದ ರಕ್ಷಣೆಯನ್ನು ತುರ್ತಿನಲ್ಲಿಯೂ ಅಮಾನತುಗೊಳಿಸಲಾಗದಂತೆ ಮಾಡಿತು. 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಹಿಂದಿನ ತೀರ್ಪು ರದ್ದಾಯಿತು. ಪದವಿಯನ್ನು ಲೆಕ್ಕಿಸದೆ ಒಬ್ಬರು ನುಡಿದ ಮಾತು 41 ವರ್ಷಗಳ ತರುವಾಯ ನಾಡಿನ ನ್ಯಾಯವೆನಿಸಿತು.