ಥ್ರಾಟಲಿನ ಬಿಸಿನೀರಿನ ಕೊಳವೆ: ಒಂದು ಉಪಾಯದ ಚರಿತ್ರೆ

ಉಚ್ಚಾರಣೆಯು ಅಳಿದ ಬಳಿಕವೂ ಱ, ೞ ಅಕ್ಷರಗಳು ಬರೆವಣಿಗೆಯಲ್ಲಿ ಬಹುಕಾಲ ನಿಂತುದು ವಿದ್ವಾಂಸರಿಗೆ ವಿದಿತವಾದ ವಿಷಯ. ಯಂತ್ರಗಳಲ್ಲಿಯೂ ಇಂತಹ ಉಳಿಕೆಗಳುಂಟು. ಹಳೆಯ ಟರ್ಬೋ ಕಾರುಗಳಲ್ಲಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಮೆ ಮಾಡುವ ಥ್ರಾಟಲಿನ ಒಡಲಿಗೆ ಬಿಸಿನೀರನ್ನು ಹಾಯಿಸುವ ಎರಡು ಸಣ್ಣ ಕೊಳವೆಗಳಿರುತ್ತವೆ. ಬೆಚ್ಚನೆಯ ಸೀಮೆಗಳಲ್ಲಿ ಕೆಲವರು ಇವನ್ನು ಥ್ರಾಟಲಿನಿಂದ ಬಿಡಿಸಿ, ಒಂದಕ್ಕೊಂದು ಜೋಡಿಸಿಬಿಡುತ್ತಾರೆ. ಇದು ಯುಕ್ತವೇ ಎಂಬುದನ್ನು ನಿರ್ಣಯಿಸಲು ಕೊಳವೆಯ ಹುಟ್ಟನ್ನು ಅರಿಯಬೇಕು.

೧೮೯೩ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಖನು ಪೆಟ್ರೋಲನ್ನು ಗಾಳಿಯೊಳಕ್ಕೆ ಸಿಂಪಡಿಸುವ ಕಾರ್ಬುರೇಟರನ್ನು ರಚಿಸಿದನು. ದ್ರವವು ಆವಿಯಾಗುವಾಗ ಸುತ್ತಣ ಶಾಖವನ್ನು ಹೀರುವುದು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಈ ನಿಯಮದಿಂದಲೇ. ಆದುದರಿಂದ ಹೊರಗೆ ೧೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಿದ್ದರೂ, ಗಾಳಿಯಲ್ಲಿ ತೇವವು ಹೆಚ್ಚಾಗಿದ್ದರೆ, ಕಾರ್ಬುರೇಟರಿನ ಗಂಟಲಿನಲ್ಲಿ ಮಂಜುಗಡ್ಡೆ ಕಟ್ಟಬಹುದು. ವಿಮಾನಗಳಿಗೆ ಇದು ಪ್ರಾಣಾಪಾಯಕರ. ಇದರ ಪರಿಹಾರಕ್ಕಾಗಿ ಹೊಗೆಯ ಶಾಖವನ್ನೋ ಎಂಜಿನ್ನಿನ ಬಿಸಿನೀರನ್ನೋ ಆ ಭಾಗಕ್ಕೆ ಒದಗಿಸುವ ಪದ್ಧತಿ ಬೆಳೆಯಿತು.

ಈ ಏರ್ಪಾಡು ಹಿಮದೇಶಗಳಿಗೆ ಮಾತ್ರ ಸೇರಿದುದೆಂಬ ಎಣಿಕೆ ಸಲ್ಲದು. ೧೮೬೪ರಲ್ಲಿ ತೆರೆದ ಬೆಂಗಳೂರು-ಜೋಲಾರಪೇಟೆ ರೈಲುಮಾರ್ಗದಲ್ಲಿ, ಮಾಲೂರಿಗೂ ಬಂಗಾರಪೇಟೆಗೂ ನಡುವಣ ಟೇಕಲ್ಲನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸಮುದ್ರಮಟ್ಟಕ್ಕಿಂತ ೮೦೦ ಮೀಟರಿಗೂ ಎತ್ತರದ ಈ ಬಂಡೆಗಳ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ. ಆದರೆ ಮಾರ್ಗಶಿರದ ಮಂಜು ಮುಸುಕಿದ ಬೆಳಗಿನಲ್ಲಿ ಹಳೆಯ ಕಾರ್ಬುರೇಟರಿಗೆ ಮೇಲೆ ಹೇಳಿದ ತೊಂದರೆಯು ಇಲ್ಲಿಯೂ ಸಂಭವನೀಯವೇ.

ಸ್ಥಿತಿಯು ಬದಲಾದುದು ಎರಡು ಆವಿಷ್ಕಾರಗಳಿಂದ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲಿ ಟರ್ಬೋ ತತ್ತ್ವಕ್ಕೆ ಪೇಟೆಂಟು ಪಡೆದನು. ೧೯೬೨ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಷೆವ್ರೊಲೆ ಕಾರುಗಳಿಗೆ ಅದು ಬಂದಿತು. ಆಗಲೂ ಕಾರ್ಬುರೇಟರು ಉಳಿದಿತ್ತು. ೧೯೬೭ರಲ್ಲಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ ಕಾರಿಗೆ ಅಳವಟ್ಟಿತು. ಇದರಲ್ಲಿ ಪೆಟ್ರೋಲು ಕವಾಟದ ಸಮೀಪದಲ್ಲಿ ಚಿಮ್ಮುವುದರಿಂದ ಥ್ರಾಟಲಿನ ಮೂಲಕ ಹಾಯುವುದು ಬರಿಯ ಗಾಳಿ. ಆವಿಯಾಗುವಿಕೆಯ ಶೈತ್ಯವು ಅಲ್ಲಿಲ್ಲ. ಟರ್ಬೋ ಒತ್ತಿದ ಗಾಳಿಯಾದರೋ ಒತ್ತಡದಿಂದಲೇ ಬಿಸಿಯಾಗಿರುವುದು. ಇಂಟರ್‌ಕೂಲರ್ ಅದನ್ನು ಹೊರಗಣ ಗಾಳಿಗಿಂತ ತಣ್ಣಗೆ ಮಾಡಲಾರದು. ಉಳಿದುದು ಹೊರಗಣ ಚಳಿಯೊಂದೇ. ೧೯೭೭ರಲ್ಲಿ ಟರ್ಬೋ ಕಾರನ್ನು ಪ್ರದರ್ಶಿಸಿದ ಸಾಬ್ ಸಂಸ್ಥೆಯ ಸ್ವೀಡನ್ನಿನಂತಹ ನಾಡಿಗೆ ಅದು ನಿಜವಾದ ಕಾರಣ, ಟೇಕಲ್ಲಿಗೆ ಅಲ್ಲ. ಒಂದೇ ಎಂಜಿನ್ ಹಲವು ದೇಶಗಳಿಗೆ ಹೋಗುವುದರಿಂದ ಕೊಳವೆಯೂ ಅದರೊಡನೆ ಪಯಣಿಸಿತು.

ಹೀಗಿರಲು, ಟೇಕಲ್ಲಿನ ಹವೆಯಲ್ಲಿ ಇಂಜೆಕ್ಷನ್ನುಳ್ಳ ಟರ್ಬೋ ಕಾರಿನ ಆ ನೀರನ್ನು ಬೇರೆ ದಾರಿಗೆ ತಿರುಗಿಸುವುದು ಇತಿಹಾಸದೃಷ್ಟಿಯಿಂದ ಅಸಂಗತವಲ್ಲ. ಆದರೆ ಇದರಿಂದ ಬಲವು ಬಹಳವಾಗಿ ಹೆಚ್ಚುವುದೆಂಬ ನಂಬಿಕೆಗೆ ಆಧಾರವು ಅಲ್ಪ: ಗಾಳಿಯು ಥ್ರಾಟಲನ್ನು ಕ್ಷಣಾರ್ಧದಲ್ಲಿ ದಾಟುವುದರಿಂದ ಹೀರುವ ಶಾಖವೇ ಸ್ವಲ್ಪ. ಇದಲ್ಲದೆ ಕೆಲವು ಎಂಜಿನ್ನುಗಳಲ್ಲಿ ಅದೇ ಬಿಸಿನೀರು, ತಣ್ಣನೆಯ ಎಂಜಿನ್ನಿಗೆ ಹೆಚ್ಚು ಗಾಳಿ ಬಿಡುವ ಮೇಣದ ಕವಾಟವನ್ನು ಕಾಲಕ್ಕೆ ಸರಿಯಾಗಿ ಮುಚ್ಚುವುದು. ಅಂತಹದರಲ್ಲಿ ನೀರನ್ನು ತಪ್ಪಿಸಿದರೆ ಕವಾಟವು ತೆರೆದೇ ಉಳಿದು, ಕಾರು ನಿಂತಿರುವಾಗಲೂ ಎಂಜಿನ್ ವೇಗವಾಗಿ ಓಡುತ್ತಿರುವುದು. ಕೊಳವೆಯ ಮೊದಲ ಕಾರಣ ಅಳಿದಿದ್ದರೂ, ನಡುವೆ ಸೇರಿಕೊಂಡ ಈ ಎರಡನೆಯ ಕೆಲಸವು ಇದೆಯೇ ಇಲ್ಲವೇ ಎಂಬುದನ್ನು ನೋಡಿದ ಮೇಲೆಯೇ ಅದನ್ನು ಬಿಡಿಸತಕ್ಕದ್ದು.