ಅರಸನ ಬೆಳಗಿನ ಸಾಮು

ಶಾಸನಗಳನ್ನು ಓದಿ ಬಲ್ಲವರಿಗೆ ರಾಜರ ತೋಳ್ಬಲದ ವರ್ಣನೆ ಹೊಸದಲ್ಲ. ಭೂಭಾರವನ್ನು ಆದಿಶೇಷನ ಹೆಡೆಯಿಂದ ಇಳಿಸಿ ತನ್ನ ಭುಜಕ್ಕೇರಿಸಿಕೊಳ್ಳದ ಅರಸನು ನಮ್ಮ ಪ್ರಶಸ್ತಿಕಾರರ ಕಣ್ಣಿಗೆ ಅರಸನೇ ಅಲ್ಲ. ಆದರೆ ಆ ತೋಳು ಬಲಿತದ್ದು ಹೇಗೆ, ಅದಕ್ಕಾಗಿ ಎಷ್ಟು ಬೆವರು ಸುರಿಯಿತು ಎಂಬುದನ್ನು ಅವರು ಹೇಳುವ ಗೋಜಿಗೆ ಹೋಗುವುದಿಲ್ಲ. ವಿಜಯನಗರದ ಕೃಷ್ಣದೇವರಾಯನ ವಿಷಯದಲ್ಲಿ ಈ ಕೊರತೆಯನ್ನು ತುಂಬಿದವನು ಪರದೇಶಿಯೊಬ್ಬನು.

ದೊಮಿಂಗೊ ಪಾಯೆಸನೆಂಬ ಪೋರ್ತುಗೀಜನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದನು. ಅವನ ಬರಹವು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸ್ಯೂಯೆಲ್ಲರ ಮೂಲಕ ಇಂಗ್ಲಿಷಿಗೆ ಬಂದಿತು. ಅದರಲ್ಲಿ ರಾಯನ ದಿನಚರಿ ಹೀಗಿದೆ: ಬೆಳಕು ಹರಿಯುವ ಮುನ್ನವೇ ಎದ್ದು ಮುಕ್ಕಾಲು ಪೈಂಟಿನಷ್ಟು, ಎಂದರೆ ಈಗಿನ ಅಳತೆಯಲ್ಲಿ 400 ಮಿಲಿಲೀಟರಿಗೂ ಮಿಕ್ಕು, ಎಳ್ಳೆಣ್ಣೆಯನ್ನು ಕುಡಿಯುವನು, ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಳ್ಳುವನು. ಸೊಂಟಕ್ಕೊಂದು ಕಿರುಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಕೈಗಳಲ್ಲೆತ್ತಿ ಸಾಧಿಸುವನು. ಬಳಿಕ ಕತ್ತಿವರಸೆ. ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಇದು ನಡೆದು, ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಅಷ್ಟಕ್ಕೂ ಮುಗಿಯದೆ ಕುದುರೆಯೇರಿ ಬಯಲಿನಲ್ಲಿ ಅತ್ತಿತ್ತ ನಾಗಾಲೋಟ. ಇಷ್ಟಾದ ಮೇಲೆಯೇ ಬೆಳಗಾಗುವುದು. ಆಮೇಲೆ ಸ್ನಾನ, ಪೂಜೆ, ರಾಜ್ಯಕಾರ್ಯ.

ಕುಡಿದ ಎಣ್ಣೆಯು ಬೆವರಿನಲ್ಲಿ ಹೊರಬೀಳುವುದಿಲ್ಲವೆಂದು ಇಂದಿನ ವೈದ್ಯರು ನಕ್ಕಾರು. ಅರಸನ ಹೊಟ್ಟೆಯ ಮಾತನ್ನು ಅರಸನಿಗೇ ಬಿಡೋಣ. ಆದರೆ ಈ ವೃತ್ತಾಂತವನ್ನು ನಂಬಬಹುದೆ? ಮುಂಜಾವದ ಕತ್ತಲಲ್ಲಿ ಅರಮನೆಯೊಳಗೆ ನಡೆಯುತ್ತಿದ್ದುದನ್ನು ಪಾಯೆಸನು ಕೇಳಿ ಬರೆದಿರಬೇಕಲ್ಲದೆ ನಿಂತು ನೋಡಿರಲಾರನು. ಆದರೂ ಅವನಿಗೆ ಹೊಗಳಿಕೆಯ ಹಂಗಿರಲಿಲ್ಲ. ಅವನು ಬರೆದುದು ತನ್ನ ನಾಡಿನವರಿಗಾಗಿ. ರಾಯನು ಸಾಧಾರಣ ಎತ್ತರದವನು, ತೆಳುವಿಗಿಂತ ದಪ್ಪವೆನ್ನಬಹುದಾದ ಮೈಯವನು, ಮುಖದ ಮೇಲೆ ಸಿಡುಬಿನ ಕಲೆಯುಳ್ಳವನು, ಥಟ್ಟನೆ ಸಿಡುಕುವವನು ಎಂದೂ ಅವನೇ ಹೇಳುತ್ತಾನೆ. ಸಿಡುಬಿನ ಕಲೆಯನ್ನು ಮರೆಮಾಡದವನು ಸಾಮಿನ ವಿಷಯದಲ್ಲಿ ಕಟ್ಟುಕಥೆ ಹೇಳಿರುವನೆಂದು ನನಗೆ ತೋರುವುದಿಲ್ಲ. ಆ ಕಲೆಯ ಮುಖವೂ ಎಣ್ಣೆ ಸುರಿವ ಆ ಮೈಯೂ ನಮಗೆ ಪ್ರಶಸ್ತಿಗಳ ದಿಗ್ವಿಜಯಿಗಿಂತ ಹತ್ತಿರದವು.

ಈ ಸಾಧನೆ ರಾಯನ ಹೊಸ ಚಪಲವೇನೂ ಅಲ್ಲ. ಅವನಿಗೆ ಸುಮಾರು ನಾನೂರು ವರ್ಷ ಹಿಂದೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಣ ಸ್ತಂಭಶ್ರಮ ಎಂದು ಅಭ್ಯಾಸಗಳಿಗೆ ಹೆಸರಿಟ್ಟುದಲ್ಲದೆ, ಜಟ್ಟಿಗಳ ಊಟಕ್ಕೆ ಉದ್ದು, ಮಾಂಸ, ಹಾಲು, ಮೊಸರುಗಳನ್ನೂ ವಿಧಿಸಿದನು. ಸಿಂಹಾಸನದ ಮೇಲೆ ಕುಳಿತು ಉದ್ದಿನ ಲೆಕ್ಕ ಬರೆದ ದೊರೆ!

ಮಹಾನವಮಿಯ ಕಾಳಗವನ್ನಾದರೋ ಪಾಯೆಸನು ಪ್ರತ್ಯಕ್ಷವಾಗಿ ಕಂಡನು. ಇದು ನಮ್ಮ ದೇಶದ ಕುಸ್ತಿಯಂತಲ್ಲವೆಂದು ಅವನು ಬೆರಗಾದನು. ಹಲ್ಲು ಮುರಿದು, ಕಣ್ಣು ಹೋಗಿ, ಮುಖ ವಿಕಾರವಾಗುವಂತಹ ಏಟುಗಳು. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಆದರೂ ಅದು ಬರಿಯ ಬಡಿದಾಟವಲ್ಲ. ಸಮಬಲರನ್ನು ಎದುರುಬದುರಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ತೀರ್ಪುಗಾರರಿದ್ದರು. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಈ ಮಾತು ಅಪರಿಚಿತವೆನಿಸದು.

ಅಂಗಸಾಧನೆ ಗಂಡಸರ ಸ್ವತ್ತೂ ಆಗಿರಲಿಲ್ಲ. ಪಾಯೆಸನ ಅನಂತರ ಬರೆದ ನೂನಿಜನು ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರೆಂದು ಹೇಳುತ್ತಾನೆ. ಅರಸನು ಹೊಸ ಪಟ್ಟಣಕ್ಕೆ ಹೋಗಿದ್ದಾಗ ಅರಮನೆಯನ್ನು ನೋಡಲು ಅಪ್ಪಣೆ ಪಡೆದ ಪಾಯೆಸನ ಗುಂಪಿಗೆ ನರ್ತಕಿಯರ ಶಾಲೆಯೂ ಕಾಣಸಿಕ್ಕಿತು. ಅಲ್ಲಿ ಅವರು ಕೈಯಿಂದ ಜೋತುಬಿದ್ದು ಮೈಕಾಲುಗಳನ್ನು ಚಾಚಿ ಸಡಿಲಿಸಿಕೊಳ್ಳಲು ಬಣ್ಣ ಬಳಿದ ಒಂದು ತಾಣವಿತ್ತು. ಗೋಡೆಯ ಫಲಕಗಳಲ್ಲಿ ಒಂದೊಂದು ನೃತ್ಯವೂ ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ಬಿಡಿಸಿದ್ದರು. ಕುಣಿದು ಕುಣಿದು ಕೊನೆಯಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಮರೆತ ಹುಡುಗಿಯು ಅತ್ತ ಕಣ್ಣು ಹೊರಳಿಸಿ, ನೋಡಿಕೊಂಡು, ಹಾಗೆಯೇ ನಿಲ್ಲುತ್ತಿದ್ದಳು.