ಬಾಟಲಿಗೆ ಎರಡು ಸೆಂಟ್ ಟ್ಯಾಕ್ಸ್: ಅಮೆರಿಕದ ಸ್ಟ್ರಾಂಗ್ ಏಲ್ ಕಥೆ

ಇವತ್ತಿನ ಎಪಿಸೋಡ್ ಬಿಯರ್ ಬಗ್ಗೆ. ನಂದು ಬಿ.ಕಾಂ ಬುದ್ಧಿ, ಹಾಗಾಗಿ ಗ್ಲಾಸಿಗಿಂತ ಮೊದಲು ಬಿಲ್ ನೋಡ್ತೀನಿ. ಈ ಕಥೆಯಲ್ಲಿ ಅದು ಸರಿಯಾದ ದಾರಿ ಕೂಡ.

ನಮ್ಮಲ್ಲಿ ಸ್ಟ್ರಾಂಗ್ ಅಂದ್ರೆ ಕಣ್ಣಿಗೆ ಬರೋದು 650 ಎಂಎಲ್ ಬಾಟಲಿ. ಅದು ಲಾಗರ್. ತಣ್ಣಗಿರಬೇಕು, ಬೇಗ ಏರಬೇಕು, ಮುಗೀತು. ನಾನು ಹೇಳ್ತಿರೋದು ಬೇರೆ ಜಾತಿ, ಅಮೆರಿಕದ ಬಾರ್ಲಿವೈನ್. ಹೆಸರಲ್ಲಿ ವೈನ್ ಇದ್ರೂ ಒಳಗೆ ಒಂದು ದ್ರಾಕ್ಷಿಯೂ ಇಲ್ಲ. ಬಾರ್ಲಿ ಮಾಲ್ಟ್‌ನಿಂದ ಮಾಡಿದ ಏಲ್ ಇದು. ಆಲ್ಕೋಹಾಲ್ ಮಾತ್ರ ಸುಮಾರು ಶೇ. 8ರಿಂದ 12, ಅಂದ್ರೆ ವೈನ್ ಹತ್ತಿರಕ್ಕೆ ಬರುತ್ತೆ. ಚಿಕ್ಕ ಗ್ಲಾಸಲ್ಲಿ ಹಾಕ್ಕೊಂಡು ಒಂದು ಗಂಟೆ ಕೂತು ಕುಡಿಯೋದು.

ಇದರ ತವರುಮನೆ ಇಂಗ್ಲೆಂಡ್. ಬಾಸ್ ಕಂಪನಿಯ ನಂ. 1 ಥರದ ಗಟ್ಟಿ ಏಲ್‌ಗಳು ಅಲ್ಲಿ ಹೆಸರುವಾಸಿ. ಹಾಗಿದ್ರೆ ತವರಲ್ಲಿ ಸೊರಗಿದ್ದು ಕ್ಯಾಲಿಫೋರ್ನಿಯಾದಲ್ಲಿ ಹೇಗೆ ಚಿಗುರಿತು? ರುಚಿ, ಸೃಜನಶೀಲತೆ, ಹಿಪ್ಪಿ ಸಂಸ್ಕೃತಿ ಅಂತೆಲ್ಲ ಜನ ಹೇಳ್ತಾರೆ. ಅದೂ ಇದೆ. ನಾನು ಟ್ಯಾಕ್ಸ್ ಕಡೆ ಕೈ ತೋರಿಸ್ತೀನಿ.

1880ರಲ್ಲಿ ಗ್ಲ್ಯಾಡ್‌ಸ್ಟನ್ ಬ್ರಿಟನ್ನಿನ ಬಿಯರ್ ಸುಂಕದ ಲೆಕ್ಕಾನೇ ಬದಲಾಯಿಸಿದರು. ಹುದುಗು ಬರೋ ಮುಂಚೆ ಮಾಲ್ಟ್‌ನ ಸಿಹಿ ರಸ ಎಷ್ಟು ಗಟ್ಟಿ ಅಂತ ಅಳೆಯೋದು, ಗಟ್ಟಿ ಇದ್ದಷ್ಟೂ ಸುಂಕ ಜಾಸ್ತಿ. ಮೊದಮೊದಲು ಇದು ದೊಡ್ಡ ಭಾರ ಆಗಿರಲಿಲ್ಲ. ಆಮೇಲೆ ಮೊದಲ ಮಹಾಯುದ್ಧ ಬಂತು. 1914ರಲ್ಲಿ ಸ್ಟ್ಯಾಂಡರ್ಡ್ ಬ್ಯಾರೆಲ್‌ಗೆ 7 ಶಿಲಿಂಗ್ 9 ಪೆನ್ಸ್ ಇದ್ದ ಸುಂಕ 1920ರ ಹೊತ್ತಿಗೆ 100 ಶಿಲಿಂಗ್ ಆಯ್ತು. ಆರು ವರ್ಷದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚು! ಇಂಥಾದ್ರಲ್ಲಿ ಗಟ್ಟಿ ಏಲ್ ಮಾಡೋದು ಅಂದ್ರೆ ಸರ್ಕಾರಕ್ಕೆ ಮಾಡಿಕೊಟ್ಟ ಹಾಗೆ. ಇಂಗ್ಲಿಷ್ ಬಿಯರ್ ತೆಳ್ಳಗಾಯ್ತು, ಗಟ್ಟಿ ಏಲ್ ಮೂಲೆ ಸೇರ್ತು.

ಅಮೆರಿಕದ ಲೆಕ್ಕ ಪೂರ್ತಿ ಬೇರೆ. ಅಲ್ಲಿನ ಫೆಡರಲ್ ಟ್ಯಾಕ್ಸ್ ಬ್ಯಾರೆಲ್ ಎಣಿಸುತ್ತೆ, ಒಳಗಿನ ಕಿಕ್ ಎಣಿಸಲ್ಲ. 1951ರಿಂದ ಬ್ಯಾರೆಲ್‌ಗೆ 9 ಡಾಲರ್ ಇತ್ತು. 1976ರಲ್ಲಿ ಸಣ್ಣ ಬ್ರೂವರಿಗಳಿಗೆ ಮೊದಲ 60,000 ಬ್ಯಾರೆಲ್‌ಗಳ ಮೇಲೆ ಅದನ್ನ 7 ಡಾಲರ್‌ಗೆ ಇಳಿಸಿದರು. ಒಂದು ಬ್ಯಾರೆಲ್ ಅಂದ್ರೆ 31 ಗ್ಯಾಲನ್, ಸುಮಾರು 117 ಲೀಟರ್. 355 ಎಂಎಲ್ ಬಾಟಲಿ ಲೆಕ್ಕದಲ್ಲಿ 330 ಬಾಟಲಿ. ಭಾಗಿಸಿ ನೋಡಿ: ಬಾಟಲಿಗೆ ಎರಡು ಸೆಂಟ್. ಒಳಗಿರೋದು ಶೇ. 4 ಆಗಲಿ, ಶೇ. 10 ಆಗಲಿ, ಅದೇ ಎರಡು ಸೆಂಟ್. ಮಾಲ್ಟ್ ಖರ್ಚು ಹೆಚ್ಚುತ್ತೆ, ತೊಟ್ಟಿ ತಿಂಗಳುಗಟ್ಟಲೆ ಬ್ಲಾಕ್ ಆಗುತ್ತೆ, ಅದೆಲ್ಲ ನಿಜ. ಆದರೆ ಗಟ್ಟಿ ಮಾಡಿದ್ದಕ್ಕೆ ಫೆಡರಲ್ ದಂಡ ಇಲ್ಲ.

ಇಲ್ಲೊಂದು ಪಕ್ಕದ ಮಾತು. ಸೋಷಿಯಲ್ ಮೀಡಿಯಾದಲ್ಲಿ ಕ್ರಾಫ್ಟ್ ಬಿಯರ್‌ನ ಕ್ರೆಡಿಟ್ಟೆಲ್ಲ ಜಿಮ್ಮಿ ಕಾರ್ಟರ್‌ಗೆ ಹೋಗುತ್ತೆ. 1978ರಲ್ಲಿ ಮನೆಯಲ್ಲಿ ಬಿಯರ್ ಮಾಡೋದಕ್ಕೆ ಅನುಮತಿ ಕೊಟ್ಟ ಕಾನೂನಿಗೆ ಸಹಿ ಹಾಕಿದ್ದು ಅವರೇ, ಸರಿ. ಆದರೆ ಆ 7 ಡಾಲರ್ ಕಾನೂನಿಗೆ ಸಹಿ ಹಾಕಿದ್ದು ಅವರಿಗಿಂತ ಹಿಂದಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್. ಪಾಪ, ಅವರ ಹೆಸರು ಯಾರೂ ಎತ್ತಲ್ಲ. ಟ್ಯಾಕ್ಸ್ ಕಟ್ ಮೇಲೆ ಮೀಮ್ ಮಾಡೋದು ಕಷ್ಟ ಅನ್ಸುತ್ತೆ.

ಈಗ ಮನುಷ್ಯರ ಕಡೆ ಬರೋಣ. ಫ್ರಿಟ್ಜ್ ಮೇಟ್ಯಾಗ್ ವಾಷಿಂಗ್ ಮಷೀನ್ ಕಂಪನಿಯ ಮನೆತನದವರು. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ ಮುಚ್ಚೋ ಹಂತದಲ್ಲಿದ್ದಾಗ ಅದರ ಬಹುಪಾಲು ಕೊಂಡರು. ಆ ಕಾಲದ ಅಮೆರಿಕದಲ್ಲಿ ಬಿಯರ್ ಅಂದ್ರೆ ದೊಡ್ಡ ಕಂಪನಿಗಳ ತೆಳು ಲಾಗರ್. 1920ರಿಂದ 1933ರವರೆಗಿನ ಪಾನನಿಷೇಧದಲ್ಲಿ ಸಣ್ಣವರು ಮುಚ್ಚಿಹೋಗಿದ್ರು, ಉಳಿದವರನ್ನ ದೊಡ್ಡವರು ನುಂಗಿದ್ರು. 1970ರ ದಶಕದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ನೂರು ಬ್ರೂವರಿ ಕೂಡ ಇರಲಿಲ್ಲ. ಮೇಟ್ಯಾಗ್ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಏಲ್‌ಗಳನ್ನ ನೋಡಿ ಬಂದರು. 1975ರಲ್ಲಿ ಓಲ್ಡ್ ಫಾಗ್‌ಹಾರ್ನ್ ಮಾಡಿದರು.

ಅದನ್ನ ಮಾಡೋ ರೀತಿ ಫಿಲ್ಟರ್ ಕಾಫಿ ಮನೆಯವರಿಗೆ ಒಂದೇ ಮಾತಲ್ಲಿ ಅರ್ಥ ಆಗುತ್ತೆ. ಬರೀ ಮೊದಲ ಡಿಕಾಕ್ಷನ್! ನೆನೆಸಿದ ಮಾಲ್ಟ್‌ನಿಂದ ಮೊದಲು ಇಳಿಯೋ ದಪ್ಪ ರಸ ಮಾತ್ರ ತಗೊಳ್ಳೋದು. ಅದೇ ಮಾಲ್ಟ್‌ಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೇ ರಸದಲ್ಲಿ ಆಮೇಲೆ ಅವರು ಸ್ಮಾಲ್ ಬಿಯರ್ ಅಂತ ತೆಳು ಬಿಯರ್ ಕೂಡ ಮಾಡಿ ಮಾರಿದರು. ಏನೂ ವೇಸ್ಟ್ ಮಾಡಲ್ಲ, ನಮ್ಮ ಅಜ್ಜಿಯರ ಥರಾನೇ.

ಇಂಗ್ಲಿಷ್ ಏಲ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಹಾಪ್ಸ್. 1970ರ ದಶಕದ ಆರಂಭದಲ್ಲಿ ಒರೆಗಾನ್‌ನಿಂದ ಬಂದ ಕ್ಯಾಸ್ಕೇಡ್ ಅನ್ನೋ ತಳಿ ಇದಕ್ಕೆ ಬಿತ್ತು. ಅದರ ವಾಸನೆಯನ್ನ ಅಮೆರಿಕದವರು ಗ್ರೇಪ್‌ಫ್ರೂಟ್ ಅಂತಾರೆ. ದೇವನಹಳ್ಳಿ ಚಕ್ಕೋತದ ಸಿಪ್ಪೆಯನ್ನ ಉಗುರಲ್ಲಿ ಗೀರಿ ಮೂಸಿದ್ರೆ ನಿಮಗೂ ಗೊತ್ತಾಗುತ್ತೆ.

ಮುಂದಿನ ಹೆಜ್ಜೆ ಇಟ್ಟವರು ಕೆನ್ ಗ್ರಾಸ್‌ಮನ್. ಚಿಕೋ ಅನ್ನೋ ಊರಲ್ಲಿ ಹೋಂಬ್ರೂ ಸಾಮಾನಿನ ಅಂಗಡಿ ಇಟ್ಟಿದ್ದವರು, ಹಳೇ ಡೈರಿ ತೊಟ್ಟಿಗಳನ್ನ ಜೋಡಿಸಿ ಪಾಲುದಾರರ ಜೊತೆ 1980ರಲ್ಲಿ ಸಿಯೆರಾ ನೆವಾಡಾ ಶುರು ಮಾಡಿದರು. 1983ರಲ್ಲಿ ಬಿಗ್‌ಫುಟ್ ಬಂತು. ಈಗ ಸಿಗೋದು ಶೇ. 9.6. ಲೇಬಲ್ ಮೇಲೆ ‘ಬಾರ್ಲಿವೈನ್ ಸ್ಟೈಲ್ ಏಲ್’ ಅಂತ ಇರುತ್ತೆ. ಆ ‘ಸ್ಟೈಲ್’ ಅನ್ನೋ ಪದ ಅಲಂಕಾರಕ್ಕಲ್ಲ. ಜನ ನಿಜವಾದ ವೈನ್ ಅಂದ್ಕೋಬಾರದು ಅನ್ನೋ ಸರ್ಕಾರಿ ಎಚ್ಚರಿಕೆ ಅದರ ಹಿಂದೆ ಇದೆ.

ಸರಿ, ಇದನ್ನ ಸವಿಯೋದು ಹೇಗೆ? ಮೊದಲನೇ ತಪ್ಪು ಐಸ್ ಕೋಲ್ಡ್ ಕುಡಿಯೋದು. ಫ್ರಿಡ್ಜಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ, 10ರಿಂದ 13 ಡಿಗ್ರಿಗೆ ಬರಲಿ. ಬಾಯಿ ಕಿರಿದಾದ, ಹೊಟ್ಟೆ ದಪ್ಪ ಇರೋ ಗ್ಲಾಸಿಗೆ ಅರ್ಧ ಹಾಕಿ. ಮೊದಲು ಮೂಗಿಗೆ ಚಕ್ಕೋತ. ನಾಲಿಗೆಗೆ ಬೆಲ್ಲದ ಪಾಕ, ಒಣದ್ರಾಕ್ಷಿ, ಕಂದು ಬಣ್ಣಕ್ಕೆ ಬಂದ ಸಕ್ಕರೆ. ಹಿಂದೆಯೇ ಕಹಿ, ಗಂಟಲಲ್ಲಿ ಬೆಚ್ಚಗೆ. ಕಹಿಗೆ ಹೆದರಬೇಡಿ. ಹಾಗಲಕಾಯಿ ಗೊಜ್ಜಲ್ಲಿ ಬೆಲ್ಲ ಇಲ್ಲದಿದ್ರೆ ಹಾಗಲಕಾಯಿ ತಿನ್ನೋಕಾಗಲ್ಲ, ಹಾಗಲಕಾಯಿ ಇಲ್ಲದಿದ್ರೆ ಅದು ಬರೀ ಪಾಕ. ಇಲ್ಲೂ ಅದೇ ಲೆಕ್ಕ. ಅಷ್ಟು ಮಾಲ್ಟ್ ಸಿಹಿಯನ್ನ ಹಿಡಿದು ನಿಲ್ಲಿಸೋಕೆ ಅಷ್ಟು ಹಾಪ್ಸ್ ಬೇಕೇ ಬೇಕು.

ಬಿಗ್‌ಫುಟ್ ಮೇಲೆ ಆಯಾ ವರ್ಷ ನಮೂದಾಗಿರುತ್ತೆ, ಯಾಕಂದ್ರೆ ಜನ ಕೂಡಿಡ್ತಾರೆ. ವರ್ಷ ಕಳೆದ ಹಾಗೆ ಹಾಪ್ಸ್ ವಾಸನೆ ಇಳಿಯುತ್ತೆ, ಕಹಿ ಮೆತ್ತಗಾಗುತ್ತೆ, ನಿಧಾನವಾಗಿ ಒಳಹೊಕ್ಕ ಆಮ್ಲಜನಕ ಖರ್ಜೂರದ, ಶೆರ್ರಿ ವೈನಿನ ರುಚಿ ತರುತ್ತೆ. ಹಳೇದೇ ಮೇಲು ಅನ್ನೋ ವಾದ ನಾನು ಒಪ್ಪಲ್ಲ. ಅಮೆರಿಕದ್ದನ್ನ ಅಮೆರಿಕದ್ದಾಗಿ ಮಾಡಿದ್ದೇ ಆ ಹಾಪ್ಸ್, ಅದು ಹೋದ ಮೇಲೆ ಉಳಿಯೋದು ಇಂಗ್ಲೆಂಡಿನ ನೆನಪು. ಮತ್ತೆ, 355 ಎಂಎಲ್‌ನ ಈ ಒಂದು ಬಾಟಲಿ ಅಂದ್ರೆ ಅಷ್ಟೇ ಅಳತೆಯ ಎರಡು ಮಾಮೂಲಿ ಬಿಯರ್ ಹತ್ತಿರ. ಒಂದೇ ಬಾಟಲಿ ತಾನೇ ಅಂತ ಗಾಡಿ ಕೀ ತಗೋಬೇಡಿ.

ಕುಡಿಯೋರಿಗೆ ಈ ಲೆಕ್ಕ ಗೊತ್ತಾಗೋದೇ ಕಷ್ಟ ಆಗಿತ್ತು ಒಂದು ಕಾಲದಲ್ಲಿ. 1935ರ ಫೆಡರಲ್ ಕಾನೂನಿನ ಪ್ರಕಾರ, ರಾಜ್ಯದ ಕಾನೂನು ಕೇಳಿದ್ರೆ ಬಿಟ್ಟು, ಬಿಯರ್ ಲೇಬಲ್ ಮೇಲೆ ಆಲ್ಕೋಹಾಲ್ ಎಷ್ಟು ಅಂತ ಹಾಕೋ ಹಾಗೇ ಇರಲಿಲ್ಲ! ಹಾಕಿದ್ರೆ ಕಂಪನಿಗಳು ‘ನಂದೇ ಜಾಸ್ತಿ’ ಅಂತ ಪೈಪೋಟಿಗೆ ಬೀಳ್ತಾವೆ ಅನ್ನೋ ಭಯ. ಇದನ್ನ ಕೋರ್ಟಿಗೆ ಎಳೆದಿದ್ದು ದೈತ್ಯ ಕಂಪನಿ ಕೂರ್ಸ್. 1995ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ನಿಷೇಧವನ್ನ ಹೊಡೆದುಹಾಕಿತು. ಲಾಭ ಸಣ್ಣವರಿಗೂ ಆಯ್ತು.

ಆಮೇಲೂ ರಾಜ್ಯಗಳ ಮಿತಿ ಉಳಿದೇ ಇತ್ತು. ನಾರ್ತ್ ಕ್ಯಾರೊಲೈನಾದಲ್ಲಿ 2005ರವರೆಗೆ ಶೇ. 6 ದಾಟಿದ ಬಿಯರ್ ಮಾರೋ ಹಾಗಿರಲಿಲ್ಲ. ಗ್ರಾಹಕರೇ ಸೇರಿ ಚಳವಳಿ ಮಾಡಿ ಅದನ್ನ ಶೇ. 15ಕ್ಕೆ ಏರಿಸಿದರು. ಅಲಬಾಮಾ 2009ರಲ್ಲಿ, ಮಿಸಿಸಿಪ್ಪಿ 2012ರಲ್ಲಿ ಮಿತಿ ಸಡಿಲಿಸಿದವು. ಅಂದ್ರೆ ಬಿಗ್‌ಫುಟ್ ಹುಟ್ಟಿ ಕಾಲು ಶತಮಾನ ಕಳೆದ ಮೇಲೂ ಅದು ಸ್ವಂತ ದೇಶದ ಕೆಲವು ರಾಜ್ಯಗಳಿಗೆ ಕಾಲಿಡೋ ಹಾಗಿರಲಿಲ್ಲ.

ಆಂಕರ್ ಕಥೆ ಬೇರೆ ಆಯ್ತು. 2017ರಲ್ಲಿ ಜಪಾನಿನ ಸಪ್ಪೋರೋ ಅದನ್ನ ಕೊಂಡಿತು, 2023ರಲ್ಲಿ ಬಾಗಿಲು ಹಾಕಿತು. ಟ್ಯಾಕ್ಸ್ ರಿಯಾಯಿತಿ ಹುಟ್ಟೋಕೆ ಸಹಾಯ ಮಾಡುತ್ತೆ, ಬ್ಯಾಲೆನ್ಸ್ ಶೀಟ್ ಕಾಯಲ್ಲ. ಮರುವರ್ಷ ಚೊಬಾನಿ ಮೊಸರು ಕಂಪನಿಯ ಮಾಲೀಕರು ಆಂಕರ್ ಕೊಂಡುಕೊಂಡಿದ್ದಾರೆ.

ನಮ್ಮ ಕಡೆ? ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಲ್ಲಿ ಬಿಯರ್ ಅಂದ್ರೆ ಶೇ. 8ರವರೆಗೆ ಮಾತ್ರ. ಬಿಗ್‌ಫುಟ್ ಶೇ. 9.6. ಆದ್ದರಿಂದ ಬೆಂಗಳೂರಿನ ಬ್ರೂಪಬ್‌ನಲ್ಲಿ ಇಷ್ಟು ಗಟ್ಟಿ ಬಾರ್ಲಿವೈನ್ ಕೇಳಿ ಸಿಗದಿದ್ರೆ ವೇಟರ್ ಮೇಲೆ ರೇಗಬೇಡಿ. ಸ್ಯಾನ್ ಹೋಸೆಯಲ್ಲೋ ಸಿಯಾಟಲ್‌ನಲ್ಲೋ ಇರೋ ಕೇಳುಗರೇ, ಚಳಿಗಾಲದಲ್ಲಿ ಸಿಕ್ಕಿದ್ರೆ ಎರಡು ತಗೊಳ್ಳಿ. ಒಂದನ್ನ ಆಗಲೇ ಕುಡೀರಿ, ಇನ್ನೊಂದರ ಮೇಲೆ ದಿನಾಂಕ ಬರೆದು ಕಪಾಟಿನ ಹಿಂದೆ ಇಡಿ.